ಸ್ವರೂಪವನ್ನು ಯಾವ ಕಸಕ್ಕೆ ಹಾಕುವುದು

ನಮ್ಮಮ್ಮನ ಮನೆಯಲ್ಲಿ 'ಬೊಂಬೆ' ಅಂದರೆ ಬಾಯಿಗೊಂದು ಏಟು ಬೀಳುತ್ತಿತ್ತು. 'ವಿಗ್ರಹ' ಅಂದರೆ ಅದಕ್ಕಿಂತ ಜೋರಾದ ಏಟು. ನಾವು ಬೆಂಗಳೂರಿನ ಅಂಚಿನ ಕನ್ನಡ ಕಥೋಲಿಕರು. ನಮ್ಮಲ್ಲಿ ಮಾತೆ ಮರಿಯಮ್ಮನವರದ್ದಿರಲಿ, ಸಂತರದ್ದಿರಲಿ, ಎಲ್ಲವೂ 'ಸ್ವರೂಪ'. "ವಿಗ್ರಹಕ್ಕೆ ಪೂಜೆ ಮಾಡ್ತಾರೆ, ಸ್ವರೂಪಕ್ಕೆ ಗೌರವ ಕೊಡ್ತಾರೆ, ತಿಳ್ಕೊ" ಎಂದು ಅಮ್ಮ ಪಾಠ ಹೇಳುವರು. ಹೇಳಿದ ಮರುಗಳಿಗೆಯಲ್ಲೇ "ಬೇಗ ಜಡೆ ಹಾಕ್ಕೊಳ್ಳೇ, ಪೂಜೆಗೆ ಲೇಟಾಯ್ತು" ಎಂದು ಗದರುವರು. ಚರ್ಚಿನ ಬಲಿಪೂಜೆಗೆ ನಮ್ಮ ಕಡೆ ಬರೀ 'ಪೂಜೆ' ಅನ್ನುವುದು ರೂಢಿ.

ಈ ಒಂದು ಮಾತಿನಿಂದ ಮದುವೆಯಾದ ಹೊಸತರಲ್ಲಿ ಅತ್ತೆಯ ಮನೆಯ ಒಂದು ಭಾನುವಾರವೇ ಕೆಟ್ಟುಹೋಯಿತು. ತುಮಕೂರಿನ ಕಡೆಯ ಹಳೆಯ ಪ್ರೊಟೆಸ್ಟೆಂಟ್ ಮನೆತನ ಅವರದು. ಗೋಡೆಯ ಮೇಲೆ ಬರಿಯ ಶಿಲುಬೆ, ಅದರ ಮೇಲೆ ಯೇಸು ಕೂಡ ಇಲ್ಲ. ಅಂಥ ಮನೆಯಲ್ಲಿ ನಿಂತು ನಾನು "ಪೂಜೆಗೆ ಹೋಗಿಬರ್ತೀನಿ ಅತ್ತೆ" ಅಂದೆ. ಅವರು ಕೈಯಲ್ಲಿದ್ದ ಇಡ್ಲಿ ತಟ್ಟೆಯನ್ನು ಹಾಗೇ ಹಿಡಿದುಕೊಂಡು "ಯಾವ ದೇವರ ಪೂಜೆನಮ್ಮಾ?" ಅಂದರು. ನನ್ನ ಗಂಡ ಚಟ್ನಿಯೊಳಗೆ ಮುಖ ಹುದುಗಿಸಿಕೊಂಡು ನಗುತ್ತಿದ್ದರು.

ನನ್ನ ಗಂಡ ಒಳ್ಳೆಯವರು. ಮುಂದೆ ಬೈಯುವುದಿದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅಂಟಿನ ಮೇಲೆ ಸಂಶೋಧನೆ ಮಾಡುವವರು. ಅಂಟಿಸುವುದಲ್ಲ, ಬಿಡಿಸುವುದು: ಗಟ್ಟಿಯಾಗಿ ಹಿಡಿದಿದ್ದ ಅಂಟು ಬೇಕೆಂದಾಗ ಸದ್ದಿಲ್ಲದೆ ಬಿಟ್ಟುಕೊಳ್ಳುವಂತೆ ಮಾಡುವುದು ಹೇಗೆ ಎಂಬುದು ಅವರ ವಿಷಯ. ಅದಕ್ಕಾಗಿಯೇ ನಾವು ಜಪಾನಿನ ವಾಕೋ ಊರಿಗೆ ಬಂದದ್ದು. ದೊಡ್ಡ ಭೂಕಂಪವಾಗಿ ಒಂದೆರಡು ವರ್ಷ ಕಳೆದಿತ್ತು. ಜನ ಅದರ ಮಾತನ್ನು ಬಿಟ್ಟಿದ್ದರು, ನೆಲ ಬಿಟ್ಟಿರಲಿಲ್ಲ. ಆಗಾಗ ಒಮ್ಮೆ ಮೈ ಕೊಡವಿಕೊಳ್ಳುತ್ತಿತ್ತು. ಎಲ್ಲೇ ಕೂತರೂ ನನ್ನ ಕಣ್ಣು ಸೂರಿನ ದೀಪದಿಂದ ಜೋತುಬಿದ್ದ ಸ್ವಿಚ್ಚಿನ ದಾರದ ಮೇಲೆ. ದಾರ ತೂಗುತ್ತಿದೆಯೋ, ನನ್ನ ತಲೆಯೇ ತಿರುಗುತ್ತಿದೆಯೋ? ಫ್ಯಾನಿನ ಗಾಳಿಗೆ ಅಲುಗಾಡಿದರೂ ಎದೆ ಧಸಕ್ಕೆನ್ನುವುದು. ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುವುದು, ಏನೂ ಇಲ್ಲವೆಂದು ಕೂರುವುದು, ಮತ್ತೆ ಏಳುವುದು. ಇದೇ ಆಯಿತು ನನ್ನ ಬಾಳು.

ಅಡುಗೆಮನೆಯ ಶೆಲ್ಫಿನಲ್ಲಿ ಅಮ್ಮ ಕೊಟ್ಟು ಕಳಿಸಿದ ಮಾತೆಯ ಸ್ವರೂಪವಿತ್ತು. ಮೊಳದುದ್ದದ ಪ್ಲಾಸ್ಟರಿನದು, ನೀಲಿ ಮೇಲುಹೊದಿಕೆ, ಚಾಚಿದ ಕೈಗಳು, ಪಾದದಡಿ ತುಳಿಸಿಕೊಂಡ ಸೈತಾನನ ಹಾವು. ವಿಮಾನದಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಹಾಲ್‌ನಲ್ಲಿ ಇಡುವುದು ಬೇಡವೆಂದು ಗಂಡ, ಇಡಲೇಬೇಕೆಂದು ನಾನು, ಕೊನೆಗೆ ರಾಜಿಯಾಗಿ ಅಡುಗೆಮನೆ. ಮಗಳು ಎರಡನೇ ಕ್ಲಾಸು. ಮಲಗುವ ಮುಂಚೆ ಬಾಗಿಲಲ್ಲಿ ನಿಂತು "ಮಾರಿಯಾ-ಸಾಮಾ, ಒಯಾಸುಮಿ" ಎಂದು ಮಾತೆಗೆ ಶುಭರಾತ್ರಿ ಹೇಳುವಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಜಪಾನೀಸು.

ಜಗಳ ಇದ್ದದ್ದು ಆ ಮಗಳ ವಿಷಯಕ್ಕೇ. ಅವಳಿಗೆ ಪ್ರಥಮ ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ, ಕೊಡಿಸುವ ವಯಸ್ಸಾಗಿತ್ತು. ಗಂಡ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಮುಂದಿನ ವರ್ಷ ನೋಡೋಣ ಎಂಬುದೇ ಮಾತು. ಒಂದು ದಿನ ಹಿಡಿದು ಕೇಳಿದ್ದಕ್ಕೆ ಬಾಯಿ ಬಿಟ್ಟರು. "ನೋಡು, ಯೇಸುನ ನಂಬೋಕೆ ನಂದೇನೂ ಅಡ್ಡಿ ಇಲ್ಲ. ಪ್ಲಾಸ್ಟರ್ ಮುಂದೆ ಮಂಡಿಯೂರೋದನ್ನ ನನ್ನ ಮಗಳು ಕಲಿಯೋದು ಬೇಡ. ಕೆತ್ತಿದ ರೂಪಕ್ಕೆ ಅಡ್ಡ ಬೀಳಬೇಡಿ ಅಂತ ದೇವರೇ ಆಜ್ಞೆ ಮಾಡಿದಾನಲ್ಲ." ನಾನು ಅಮ್ಮನ ಪಾಠ ಒಪ್ಪಿಸಿದೆ. ಇದು ಸ್ವರೂಪ ಕಣ್ರೀ, ವಿಗ್ರಹ ಅಲ್ಲ. ಫೋಟೋ ಇಟ್ಕೊಂಡ ಹಾಗೆ. "ಸರಿ, ಫೋಟೋ" ಎಂದು ಸುಮ್ಮನಾದರು. ಆ ಸುಮ್ಮನಾದದ್ದೇ ನನಗೆ ಉರಿ.

ಒಂದು ಶನಿವಾರ ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಇಬ್ಬರ ಫೋನುಗಳೂ ಒಟ್ಟಿಗೆ ಭೂಕಂಪದ ಎಚ್ಚರಿಕೆ ಕಿರುಚಿಕೊಂಡವು. ಸ್ಟವ್ ಆರಿಸಿದೆ. ಮಗಳು ಸ್ಕೂಲಿನಲ್ಲಿ ಕಲಿಸಿದಂತೆ ಮೇಜಿನಡಿ ನುಗ್ಗಿ ಅದರ ಕಾಲು ಹಿಡಿದುಕೊಂಡಳು, ಗಂಡ ಬೀರುವಿಗೆ ಬೆನ್ನು ಕೊಟ್ಟು ನಿಂತರು. ಮನೆ ಜರಡಿ ಹಿಡಿದಂತೆ ಅಲುಗಿತು. ಮೇಲಿನ ಅರೆಯಿಂದ ರಾಗಿಹಿಟ್ಟಿನ ಸ್ಟೀಲ್ ಡಬ್ಬ ಉರುಳಿ ಮಾತೆಯ ಹೆಗಲಿಗೆ ಬಡಿಯಿತು. ಅಯ್ಯೋ ಅನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೆಲದ ತುಂಬ ರಾಗಿಹಿಟ್ಟು. ಅದರ ನಡುವೆ ಮಾತೆಯ ಮುಂಡ ಒಂದು ಕಡೆ, ತಲೆ ಒಂದು ಕಡೆ. ಶೆಲ್ಫಿನ ಮೇಲೆ ನೋಡಿದರೆ ನಿಲುವಂಗಿಯ ಅಂಚು, ಎರಡು ಪಾದ ಮತ್ತು ಹಾವು ಕದಲದೆ ಹಾಗೇ ನಿಂತಿವೆ. ಮಗಳು ಮೇಜಿನಡಿಯಿಂದ ತಲೆ ಹೊರಹಾಕಿ "ಹೆಬಿ ದಾಯ್‌ಜೋಬು!" ಅಂದಳು. ಹಾವಿಗೇನೂ ಆಗಿಲ್ಲವಂತೆ! ಆ ಗಾಬರಿಯಲ್ಲೂ ನನಗೆ ಮೈಯೆಲ್ಲ ಉರಿದುಹೋಯಿತು. ಈ ಹಾವು ಉಳಿಯಬೇಕಿತ್ತೇ?

"ಇದು ಯಾಕೆ ಬಿದ್ದಿಲ್ಲ?" ಎಂದು ಪಾದಗಳನ್ನು ಅಲುಗಾಡಿಸಿದೆ. ಅಲುಗಲಿಲ್ಲ. ಗಂಡ ಬೇರೆ ಕಡೆ ನೋಡುತ್ತಾ "ಜೆಲ್ ಹಾಕಿದೀನಿ" ಅಂದರು. ಭೂಕಂಪದ ಭಯಕ್ಕೆ ಇಲ್ಲಿ ಟಿವಿ, ಹೂದಾನಿಗಳ ಕೆಳಗೆ ಹಾಕುವ ಮೆತ್ತನೆಯ ಅಂಟುಬಿಲ್ಲೆ ಅದು. "ಯಾವಾಗ ಹಾಕಿದ್ರಿ?" "ಎಲ್ಲಾದಕ್ಕೂ ಹಾಕ್ದಾಗ. ಮೈಕ್ರೋವೇವ್‌ಗೆ ಹಾಕ್ದೆ, ಟಿವಿಗೆ ಹಾಕ್ದೆ, ಇದಕ್ಕೂ ಹಾಕ್ದೆ. ಮಗು ತಲೆ ಮೇಲೆ ಬಿದ್ರೆ?" ಅವರ ಮಾತಿಗೆ ಯಾವಾಗಲೂ ಒಂದು ಲಾಜಿಕ್ ಇರುತ್ತದೆ, ಏನು ಮಾಡುವುದು.

ತುಂಡುಗಳನ್ನು ಹಿಟ್ಟು ಒರೆಸಿ ಒಂದು ಕೇಕಿನ ಡಬ್ಬದಲ್ಲಿಟ್ಟೆ. ಆಮೇಲೆ? ಅಮ್ಮನಿಗೆ ಫೋನ್ ಮಾಡಿದರೆ "ಫಾದರ್ ಮಂತ್ರಿಸಿ ಕೊಟ್ಟಿದ್ದು ಕಣೇ, ಕಾಲು ತುಳಿಯದ ಕಡೆ ಮಣ್ಣಲ್ಲಿ ಹೂಳಬೇಕು" ಅಂದರು. ಮೂರನೇ ಮಹಡಿಯಲ್ಲಿ ಮಣ್ಣು ಎಲ್ಲಿಂದ ತರಲಿ? ಪಾರ್ಕಿನಲ್ಲಿ ಗುಂಡಿ ತೋಡುವ ವಿದೇಶಿ ಹೆಂಗಸನ್ನು ಕಂಡರೆ ಯಾರಾದರೂ ಪೊಲೀಸರಿಗೆ ಹೇಳದೆ ಬಿಡುತ್ತಾರೆಯೇ? ಗಂಡನಿಗೆ ಇದು ಸಮಸ್ಯೆಯೇ ಅಲ್ಲ. "ಪ್ಲಾಸ್ಟರ್ ತಾನೇ, ಮೊಯೆನಾಯ್ ಗೋಮಿ." ಸುಡಲಾಗದ ಕಸ. ನಾನು ಡಬ್ಬವನ್ನು ಬೀರುವಿನಿಂದ ಮಂಚದಡಿಗೆ, ಮಂಚದಡಿಯಿಂದ ಬಾಲ್ಕನಿಗೆ ಸಾಗಿಸುತ್ತಾ ದಿನ ದೂಡಿದೆ. ಕೂತಲ್ಲಿ ಕೂರಲಾಗದು. ಮಗಳಂತೂ ಏನೂ ಆಗದವಳಂತೆ ಆ ಎರಡು ಪಾದಗಳಿಗೆ "ಮಾರಿಯಾ-ಸಾಮಾ, ಒಯಾಸುಮಿ" ಹೇಳಿ ಮಲಗುತ್ತಿದ್ದಳು. ಒಂದು ದಿನ ಅದನ್ನು ಕೇಳಿ ಬೆಚ್ಚಿಬಿದ್ದೆ. ಇವಳಿಗೆ ನಾನು ಏನು ಕಲಿಸಿದ್ದೇನೆ? ಗಂಡ ಹೇಳುವುದೇ ನಿಜವಿರಬಹುದೇ?

ಮುಂದಿನ ಭಾನುವಾರ, ರೈಲಿನಲ್ಲಿ ಹೋಗಬೇಕಾದ ಉರಯಾಸು ಊರಿನಲ್ಲಿ ಕನ್ನಡ ಪ್ರಾರ್ಥನಾ ಕೂಟವಿತ್ತು. ನಾಲ್ಕಾರು ಮನೆಗಳವರು ತಿಂಗಳಿಗೊಮ್ಮೆ ಒಬ್ಬ ಅಕ್ಕನ ಮನೆಯಲ್ಲಿ ಸೇರುತ್ತಿದ್ದೆವು. ಭೂಕಂಪದಲ್ಲಿ ಕೆಸರು ಉಕ್ಕಿ ಡೊಂಕಾದ ಫುಟ್‌ಪಾತ್ ಅವರ ಬೀದಿಯಲ್ಲಿ ಇನ್ನೂ ಹಾಗೇ ಇತ್ತು. ಎಲ್ಲರೂ ಪ್ರೊಟೆಸ್ಟೆಂಟರು, ಕಥೋಲಿಕಳು ನಾನೊಬ್ಬಳೇ. ಆದರೂ ಗಂಡ, ಮಗಳ ಜೊತೆ ಹೋಗುತ್ತಿದ್ದೆ. ಕನ್ನಡದಲ್ಲಿ ದೇವರೊಡನೆ ಮಾತಾಡಲು ಬೇರೆಲ್ಲಿ ಸಿಗಬೇಕು? ಮೇಲಾಗಿ ಅಕ್ಕನ ಬಿಸಿಬೇಳೆಬಾತ್.

ಮನಸ್ಸು ತಡೆಯದೆ ಸ್ವರೂಪ ಒಡೆದದ್ದನ್ನು ಹೇಳಿಕೊಂಡೆ. ಅಕ್ಕ ನನ್ನ ಕೈ ಹಿಡಿದುಕೊಂಡರು. "ಬೇಜಾರ್ ಮಾಡ್ಕೋಬೇಡ. ದೇವರೇ ಬೀಳಿಸಿದಾನೆ ಅನ್ಕೊ. ನಿಂಗೆ ಒಂದು ಮೆಸೇಜ್ ಅದು."

"ಹಾಗಾದ್ರೆ ರಾಗಿಹಿಟ್ಟಿನ ಡಬ್ಬಾನೂ ದೇವರೇ ತಳ್ಳಿದ್ನಾ ಅಕ್ಕಾ? ಒಂದ್ ಕೆಜಿ ಹಿಟ್ಟು ಹೋಯ್ತು, ಇಲ್ಲಿ ರಾಗಿ ಎಲ್ ಸಿಗುತ್ತೆ?"

ಯಾರೋ ಕಿಸಕ್ಕೆಂದರು. ಅಕ್ಕ ನಗಲಿಲ್ಲ. "ತಮಾಷೆ ಅಲ್ಲ ಕಣೇ. ಒಡೆದ ಚೂರನ್ನ ಡಬ್ಬದಲ್ಲಿ ಬಚ್ಚಿಟ್ಕೊಂಡಿದೀಯ. ಎಸೆಯೋಕೆ ಕೈ ಬರ್ತಿಲ್ಲ. ಅದಕ್ಕೇ ಅಲ್ವಾ ವಿಗ್ರಹಾರಾಧನೆ ಅನ್ನೋದು?" ಎಂದು, ಆಜ್ಞೆಯನ್ನು ಓದಿ ತೋರಿಸಲು ಮಡಿಲಲ್ಲಿದ್ದ ಬೈಬಲ್ ಎತ್ತಿಕೊಳ್ಳಲು ಹೋದರು. ಅದು ಕೈಜಾರಿ ನೆಲಕ್ಕೆ ಬಿತ್ತು. ಅಕ್ಕ ಥಟ್ಟನೆ ಬಗ್ಗಿ ಎತ್ತಿಕೊಂಡು ಎರಡು ಕಣ್ಣಿಗೂ ಒತ್ತಿಕೊಂಡರು, ಒಂದು ಸಲ, ಇನ್ನೊಂದು ಸಲ. ಆಮೇಲೆ ಪುಟ ಹುಡುಕಿ, ಯಾವ ರೂಪಕ್ಕೂ ಅಡ್ಡ ಬೀಳಬಾರದೆಂಬ ಆಜ್ಞೆಯನ್ನು ಗಟ್ಟಿಯಾಗಿ ಓದಿದರು. ತಾವೇನು ಮಾಡಿದೆವೆಂದು ಅಕ್ಕನಿಗೆ ಗೊತ್ತೇ ಆಗಿರಲಿಲ್ಲ. ನನ್ನ ನಾಲಿಗೆ ತುರಿಸಿತು. ಅಕ್ಕನ ಮುಖದಲ್ಲಿ ನನ್ನ ಮೇಲಿನ ಕಾಳಜಿ ನಿಜವಾಗಿಯೂ ಇತ್ತು, ಅದಕ್ಕೇ ಬಿಸಿಬೇಳೆಬಾತಿಗೆ ತಟ್ಟೆ ಹಾಕಲು ಎದ್ದೆ.

ವಾಪಸು ಬರುವಾಗ ರೈಲಿನಲ್ಲಿ ಮಗಳು ನಿದ್ದೆ ಹೋದಮೇಲೆ ಗಂಡನನ್ನು ತಿವಿದೆ. "ನೋಡಿದ್ರಾ? ಪುಸ್ತಕನ ಕಣ್ಣಿಗೊತ್ಕೊಂಡ್ರು."

"ಅದು ಅಭ್ಯಾಸ ಕಣೇ. ಚಿಕ್ಕವನಿದ್ದಾಗ ನಾನೂ ಮಾಡ್ತಿದ್ದೆ, ಮ್ಯಾಥ್ಸ್ ಬುಕ್ ಕಾಲಿಗೆ ತಾಗಿದ್ರೂ. ಮ್ಯಾಥ್ಸ್ ಏನು ದೇವರಾ? ಅದೆಲ್ಲ ಬಿಟ್ಟು ಎಷ್ಟೋ ವರ್ಷ ಆಯ್ತು."

"ನಂದೂ ಅಭ್ಯಾಸಾನೇ ಅನ್ಕೊಳ್ಳಿ."

"ಹಾಗಿದ್ರೆ ಎಸೆದು ತೋರ್ಸು." ದನಿ ಏರಿಸಲಿಲ್ಲ, ಎದುರಿನವರು ನೋಡುತ್ತಾರಲ್ಲ. "ಸಿಂಪಲ್. ಒಡೆದ ಲೋಟ ಎಸೆದ ಹಾಗೆ ಅದನ್ನ ಎಸಿ. ಆಗ ಅದು ಬರೀ ನೆನಪು ಅಂತ ಒಪ್ಕೋತೀನಿ. ಪಾಪುನ ಪರಮಪ್ರಸಾದದ ಕ್ಲಾಸಿಗೆ ನಾನೇ ಕರ್ಕೊಂಡ್ ಹೋಗ್ತೀನಿ. ಆಗಲ್ಲ ಅಂದ್ರೆ ಇನ್ನೊಂದ್ ಸಲ ಆ ಮಾತು ಎತ್ಬೇಡ."

ಎಂಥ ಕತ್ತರಿ ನೋಡಿ! ಮಾತೆಯದು ವಿಗ್ರಹವಲ್ಲವೆಂದು ಸಾಧಿಸಬೇಕಾದರೆ ಅವಳನ್ನು ಕಸಕ್ಕೆ ಹಾಕಬೇಕು. ಹಾಕದಿದ್ದರೆ ಮಗಳಿಗೆ ಪ್ರಸಾದವಿಲ್ಲ. "ಆಯ್ತು, ಎಸೀತೀನಿ" ಅಂದೆ. ಸಿಟ್ಟಿನಲ್ಲಿ ಅಂದದ್ದು. ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿತ್ತು, ಕೊಟ್ಟ ಮಾತು ಮಾತ್ರ ಉಳಿದಿತ್ತು.

ಸುಡದ ಕಸದ ದಿನ ಬಂತು. ಇಲ್ಲಿ ಚೀಲ ಪಾರದರ್ಶಕವಾಗಿರಬೇಕು, ಒಳಗೇನಿದೆ ಎಂದು ಕಸದವರಿಗೆ ಕಾಣಬೇಕು. ತಳ ಕಿತ್ತುಹೋದ ಒಂದು ಬಾಣಲಿ, ಸೋರುವ ಫ್ಲಾಸ್ಕು, ಅವುಗಳ ಜೊತೆಗೆ ಪೇಪರು ಸುತ್ತಿದ ಮಾತೆ. ಮೆಟ್ಟಿಲಿಳಿಯುವಾಗ ಪೇಪರು ಬಿಚ್ಚಿಕೊಂಡಿತು. ಬಾಣಲಿಯ ಪಕ್ಕದಿಂದ ಮುಖ ಇಣುಕಿತು, ಅದೇ ಸಣ್ಣ ನಗು. ನಾನು ಅದನ್ನು ನೋಡದೆ, ಕಾಗೆಗಳು ಎಳೆಯದಂತೆ ಹಾಕಿರುವ ಬಲೆಯ ಕೆಳಗೆ ಚೀಲ ತಳ್ಳಿ, ಹಿಂತಿರುಗದೆ ಬಂದುಬಿಟ್ಟೆ. ಗೆದ್ದೆ ಅಂದುಕೊಂಡರೆ ಅಳು ಬರುತ್ತಿತ್ತು.

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ನಿಂತೆ. ಒಣಹಾಕುವುದೇನು ಬಂತು, ಒಂದೇ ಟವೆಲನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದೆ. ಕೆಳಗೆ ಗಂಡ ಆಫೀಸಿಗೆ ಹೊರಟು ಸೈಕಲ್ ತಳ್ಳಿಕೊಂಡು ಬಂದರು. ಬಲೆಯ ಒಂದು ಅಂಚು ಮಡಿಚಿಕೊಂಡಿತ್ತು, ಆತುರದಲ್ಲಿ ನಾನೇ ಬಿಟ್ಟು ಬಂದದ್ದು. ಶಿಸ್ತಿನ ಮನುಷ್ಯ, ಸೈಕಲ್ ನಿಲ್ಲಿಸಿ ಅದನ್ನು ಸರಿಮಾಡಲು ಹೋದರು. ಹೋದವರ ಬೂಟು ನಮ್ಮ ಚೀಲಕ್ಕೆ ತಾಗಿತು.

ತಾಗಿದ್ದೇ ತಡ, ಅವರು ಬಗ್ಗಿದರು. ಬೆರಳ ತುದಿಯಿಂದ ಆ ಚೀಲವನ್ನು ಮುಟ್ಟಿದರು. ಮುಟ್ಟಿ, ಕಣ್ಣಿಗೊತ್ತಿಕೊಂಡರು.

ಆಮೇಲೆ ಬಿಸಿ ತಾಗಿದವರಂತೆ ಕೈ ಕೆಳಗಿಳಿಸಿ ಆಚೀಚೆ ನೋಡಿದರು. ಮೇಲೆ ನೋಡಲಿಲ್ಲ. ಬಲೆಯ ಅಂಚನ್ನು ನಿಧಾನವಾಗಿ, ಬೇಕಾದ್ದಕ್ಕಿಂತ ನಿಧಾನವಾಗಿ, ಸುತ್ತಲೂ ಸರಿಯಾಗಿ ಸಿಕ್ಕಿಸಿ ಸೈಕಲ್ ಹತ್ತಿ ಹೋದರು. ಒದ್ದೆ ಟವೆಲು ಹಿಡಿದುಕೊಂಡು ಅಲ್ಲೇ ಕುಳಿತು ಅತ್ತುಬಿಟ್ಟೆ. ಓಡಿಹೋಗಿ ಚೀಲ ತಂದುಬಿಡಲೇ ಅನ್ನಿಸಿತು. ತಂದರೆ ಮಾತು ತಪ್ಪಿದಂತೆ, ಮಗಳ ಕ್ಲಾಸು ತಪ್ಪಿದಂತೆ. ಕಸದ ಗಾಡಿ ಬಂತು, ತುಂಬಿಕೊಂಡು ಹೋಯಿತು. ಬಾಣಲಿಯ ಸದ್ದು ಮಾತ್ರ ಕೇಳಿಸಿತು.

ಸಂಜೆ ಬಂದವರೇ ಸಾಕ್ಸ್ ಬಿಚ್ಚುತ್ತಾ "ಹಾಕಿದ್ಯಾ?" ಅಂದರು.

"ಹೂಂ."

"ಸರಿ, ಒಪ್ಕೊಂಡೆ. ಭಾನುವಾರ ನಾನೇ ಕರ್ಕೊಂಡ್ ಹೋಗ್ತೀನಿ."

ನೀವು ಬೆಳಿಗ್ಗೆ ಮಾಡಿದ್ದೇನು ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೇಳಿದ್ದರೆ ಅಭ್ಯಾಸ ಅನ್ನುತ್ತಿದ್ದರು. ಅಭ್ಯಾಸವೇ ಇರಲಿ. ಎಸೆದ ಮೇಲಾದರೂ ಯಾವುದು ಗೌರವ, ಯಾವುದು ಆರಾಧನೆ ಎಂಬ ಗೆರೆ ನನಗೆ ಕಾಣಬೇಕಿತ್ತು, ಅದು ಇನ್ನೂ ಮಸುಕಾಯಿತು. ಇವತ್ತಿಗೂ ಅಷ್ಟೇ. ಅಮ್ಮನ ಏಟು ಬೀಳುವುದಿಲ್ಲವೆಂಬ ಧೈರ್ಯದಲ್ಲಿ ಆಗಾಗ ನನ್ನಷ್ಟಕ್ಕೇ 'ವಿಗ್ರಹ' ಎಂದು ಅಂದು ನೋಡಿಕೊಳ್ಳುತ್ತೇನೆ, ತಕ್ಷಣ ತುಟಿ ಕಚ್ಚಿಕೊಳ್ಳುತ್ತೇನೆ.

ಊಟಕ್ಕೆ ಬಡಿಸುವಾಗ ಶೆಲ್ಫಿನ ಕಡೆ ಕೈ ತೋರಿಸಿ "ಅದೊಂದು ಉಳಿದಿದೆ ನೋಡಿ. ಅದನ್ನೂ ಬಿಡಿಸಿ ಕೊಟ್ರೆ ಮುಂದಿನ ಸಲ ಹಾಕಿಬಿಡ್ತೀನಿ, ಲೆಕ್ಕ ಸರಿಹೋಗುತ್ತೆ" ಅಂದೆ. ಅವರು ಎದ್ದು ಹೋಗಿ ಎರಡು ಪಾದಗಳ ಮುಂದೆ ನಿಂತರು. ಬೆರಳಿಂದ ಒಮ್ಮೆ ಒತ್ತಿದರು. ಅಂಟಿದ್ದನ್ನು ನೋವಿಲ್ಲದಂತೆ ಬಿಡಿಸುವುದರಲ್ಲೇ ತಲೆಗೂದಲು ಉದುರಿಸಿಕೊಂಡ ಮನುಷ್ಯ. ಬಂದು ತಟ್ಟೆಯ ಮುಂದೆ ಕುಳಿತು, ಅನ್ನ ಕಲಸುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಜೆಲ್ ಬಿಡ್ತಿಲ್ಲ ಕಣೇ."

"ಹೋಗ್ಲಿ ಬಿಡಿ" ಅಂದೆ. ಹುಳಿ ಬಡಿಸಿದೆ.