ಸೊಂಟದ ಮೇಲೆ ಎಲೆಯ ಅಚ್ಚು

ಕುಬಿಹಾಳದಲ್ಲಿ ನಲವತ್ತು ದಾಟದವರ ಪೈಕಿ ರೇವವ್ವನ ಕೈ ತಾಗದ ಮೈ ಕಡಿಮೆ. ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು, ಬಾಣಂತಿಯರ ಸೊಂಟ ತಿಕ್ಕಿದವಳು ಅವಳೇ. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ ಎಣ್ಣೆಬಟ್ಟಲು ಅವಳನ್ನು ಬಿಡಲಿಲ್ಲ. ತಿಕ್ಕಿದ ಕೈಯನ್ನು ಮಾತ್ರ ಅವಳು ಎಂದೂ ಸಾಬೂನಿನಿಂದ ತೊಳೆದವಳಲ್ಲ. ತೊಳೆದರೆ ಕೈಗುಣ ಹೋಗುತ್ತದೆಂದು ತಲೆಗೂದಲಿಗೆ ಒರೆಸಿಕೊಂಡು ಎದ್ದುಬಿಡುತ್ತಿದ್ದಳು.

ಈ ಮಳೆಗಾಲ ಅವಳ ಮಂಡಿಯೇ ಬಾತುಕೊಂಡಿತು. ಕುಂದಗೋಳದ ಡಾಕ್ಟರಬಾಯಿ ನೋವಿನ ಜೆಲ್ ಬರೆದುಕೊಟ್ಟು, "ಅಡಿಕಿಯಷ್ಟು ತಗೊಂಡು ಮೆಲ್ಲಕ ಸವರ್ರಿ. ಮ್ಯಾಲ ಏನೂ ಕಟ್ಟಬ್ಯಾಡ್ರಿ, ಕಾವು ಕೊಡಬ್ಯಾಡ್ರಿ, ಕೈ ತೊಳಕೋರಿ," ಎಂದರು. ರೇವವ್ವ ಎಲ್ಲದಕ್ಕೂ "ಹೂನ್ರಿ" ಅಂದಳು, ಹೊಸ್ತಿಲು ದಾಟುವುದರೊಳಗೆ ಮರೆತಳು. ಅವಳ ಪಾಲಿಗೆ ಅದೂ ಒಂದು ಎಣ್ಣೆ, ತುಸು ತಣ್ಣಗಿನದು, ಅಷ್ಟೇ. ವಾರದೊಳಗೆ ಮಂಡಿ ಹಗುರಾಯಿತು.

ಆಗಲೇ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮೊಮ್ಮಗಳು ರೋಹಿಣಿ, "ಆಯಿ, ಸೊಂಟ ಮುರಕೊಂಡು ಬಿದ್ದಂಗ ಆಗೈತಿ," ಎಂದು ಗೋಡೆಗೆ ಒರಗಿದಳು. ಎಂಟು ತಿಂಗಳು ತುಂಬಿತ್ತು. ಊರಿನವರಿಗೆಲ್ಲ ತಿಕ್ಕಿದವಳು ತನ್ನ ಮೊಮ್ಮಗಳಿಗೆ ಕೈ ಹಿಂದೆ ತೆಗೆದಾಳೆಯೇ? ಅಂಗೈ ತುಂಬ ಜೆಲ್ ಹಿಂಡಿ, ಬೆವರು ಬರುವಷ್ಟು ತಿಕ್ಕಿ, ಹಂಚಿನ ಮೇಲೆ ಬಾಡಿಸಿದ ಎಕ್ಕದ ಎಲೆ ಇಟ್ಟು, ಹಳೆಯ ಸೀರೆಯ ಪಟ್ಟಿಯಿಂದ ಬಿಗಿದು ಕಟ್ಟಿದಳು. ಹೀಗೆ ಮೂರು ದಿನ.

ನಾಲ್ಕನೆಯ ದಿನ ಆಶಾ ಕಾರ್ಯಕರ್ತೆ ನಾಜಿಮಾ ಬಸುರಿಯನ್ನು ನೋಡಲು ಬಂದಳು. ಪಟ್ಟಿ ಬಿಚ್ಚಿದ್ದೇ, ಅವಳ ಕೈ ಬಾಯಿಗೆ ಹೋಯಿತು. ರೋಹಿಣಿಯ ಬೆನ್ನಿನ ಕೆಳಗೆ ಕೆಂಪಗೆ ಎಲೆಯ ಅಚ್ಚು ಮೂಡಿತ್ತು. ತೊಟ್ಟು, ನಡುವಿನ ನರ, ಬಾಜುವಿನ ಸಣ್ಣ ನರಗಳು, ಎಲ್ಲ ಎದ್ದು ಕಾಣುತ್ತಿದ್ದವು.

"ಏನ್ ಹಚ್ಚಿದಿ ಆಯಿ?"

ರೇವವ್ವ ಚಪ್ಪಟೆಯಾದ ಟ್ಯೂಬು ತೋರಿಸಿದಳು. "ನನ್ನ ಮಂಡೀದ, ಬೇ. ಅಗದಿ ಚಲೋ ಐತಿ."

"ಯಾ ಅಲ್ಲಾ! ಇಷ್ಟೂ ಈಕಿಗಿ? ಬಸರಿದ್ದಾಕಿಗಿ ಇದನ್ನ ಹಚ್ಚಬಾರದು! ಕೂಸಿಗಿ ತ್ರಾಸ ಆಗಬಹುದು. ಏಳ್ರಿ, ಮೊದಲ ದವಾಖಾನಿಗಿ ಹೋಗೂಣು."

ಕೂಸಿಗೆ? ತನ್ನ ಕೈಯಿಂದ? ಕುಂದಗೋಳ ಮುಟ್ಟುವವರೆಗೂ ಆಟೋದಲ್ಲಿ ರೇವವ್ವ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು, ಯಾರದೋ ಕೈ ಎಂಬಂತೆ. ರೋಹಿಣಿ ಹೊಟ್ಟೆ ಹಿಡಿದು ಕೂತಿದ್ದಳು.

ಡಾಕ್ಟರಬಾಯಿ ರೋಹಿಣಿಯನ್ನು ಮಲಗಿಸಿ ಸ್ಕ್ಯಾನ್ ಮಾಡಿದರು. ಆಮೇಲೆ ಯಂತ್ರದಿಂದ ಸದ್ದು ಬಂತು. ದಬದಬ, ದಬದಬ, ಗಾಡಿ ಕಟ್ಟಿದ ಕುದುರೆ ಓಡಿದ ಹಾಗೆ.

"ಕೂಸು ಆರಾಮ ಐತಿ, ಸುತ್ತಲ ನೀರೂ ಸರಿ ಐತಿ. ಸುಟ್ಟಲ್ಲಿಗಿ ಬ್ಯಾರೆ ಮುಲಾಮು ಕೊಡತೀನಿ. ಬರೋ ವಾರ ಮತ್ತ ಕರಕೊಂಡು ಬರ್ರಿ," ಎಂದು ಡಾಕ್ಟರಬಾಯಿ ರೇವವ್ವನತ್ತ ತಿರುಗಿದರು. "ಯಾಕ ಹಚ್ಚಿದ್ರಿ ಅವ್ವಾರ?"

"ಗುಳಿಗಿ ನುಂಗಸಿಲ್ರಿ ನಾನು. ತೊಗಲಿನ ಮ್ಯಾಲ ಹಚ್ಚಿದ್ದು ಒಳಗ ಹ್ಯಾಂಗ ಹೋಗ್ತೈತ್ರಿ?"

"ಮತ್ತ ನಿಮ್ಮ ಮಂಡಿ ಒಳಗಿನ ನೋವು ಹ್ಯಾಂಗ ಹೋತು?"

ರೇವವ್ವ ಬಗ್ಗಿ ತನ್ನ ಮಂಡಿ ಮುಟ್ಟಿ ನೋಡಿಕೊಂಡಳು.

"ಒಳಗ ಇಳಿದದ್ದಕ್ಕನ ಹೋತು. ಬಿಸಿ ಎಲಿ ಇಟ್ಟು ಬಿಗದರ ಇನ್ನೂ ಹೆಚ್ಚಿಗಿ ಇಳೀತೈತಿ. ಇದು ಎಣ್ಣಿ ಅಲ್ರಿ, ಔಷಧ. ಯಾರ ಹೆಸರಿಗಿ ಕೊಟ್ಟದ್ದೋ ಅವರಿಗಷ್ಟ."

ಮನೆಗೆ ಬಂದವಳೇ ರೇವವ್ವ ಒಲೆಯ ಬಾಜುವಿನ ಎಕ್ಕದ ಎಲೆಗಳನ್ನು ತಿಪ್ಪೆಗೆ ಚೆಲ್ಲಿದಳು. ಸಂಜೆ ಟ್ಯೂಬಿನಲ್ಲಿ ಉಳಿದಿದ್ದರಲ್ಲಿ ಅಡಿಕೆಯಷ್ಟೇ ಜೆಲ್ ತೆಗೆದು ತನ್ನ ಮಂಡಿಗೆ ಸವರಿದಳು. ಒರೆಸಿಕೊಳ್ಳಲು ಕೈ ರೂಢಿಯಂತೆ ತಲೆಯತ್ತ ಹೊರಟಿತ್ತು, ಅರ್ಧಕ್ಕೇ ತಡೆದಳು. ಬಚ್ಚಲಿಗೆ ಹೋಗಿ ಸಾಬೂನು ತಿಕ್ಕತೊಡಗಿದಳು. ಒಮ್ಮೆ ತೊಳೆದಳು, ಮೂಸಿ ನೋಡಿ ಮತ್ತೆ ತೊಳೆದಳು.

ರೋಹಿಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖದಲ್ಲಿ ನಗು. "ಆಯಿ, ಕೈಗುಣ ಹೋದೀತು ನೋಡ!"

"ಹೋಗ್ಲಿ ಬಿಡ ಬೇ," ಅಂದಳು ರೇವವ್ವ, ತಿರುಗಿ ನೋಡದೆ. "ಇನ್ನೊಂದು ತಂಬಗಿ ನೀರು ಹಾಕು."