ಇನ್ನೂರು ಅಡಿಯ ಟೇಪು

ಅಂತರ್ಜಲ ಇಲಾಖೆಯಿಂದ ತಿಂಗಳಿಗೊಮ್ಮೆ ಬಂದು, ಸರ್ಕಾರಿ ಕೊಳವೆಬಾವಿಗೆ ಟೇಪು ಇಳಿಸಿ ನೀರಿನ ಮಟ್ಟ ಬರೆದುಕೊಂಡು ಹೋಗುವ ಈ ಮನುಷ್ಯನನ್ನು ಊರೆಲ್ಲ ಅಳತೆ ಸಾಹೇಬರು ಎನ್ನುತ್ತದೆ. ಆ ಬಾವಿ ಇರುವ ಹೊಲದ ಒಡತಿ ಮಾತ್ರ ಅವನನ್ನು ಮನಸ್ಸಿನಲ್ಲೇ ಇನ್ನೂರಡಿ ಎಂದು ಕರೆಯುತ್ತಾಳೆ. ಇಸ್ತ್ರಿಯ ಗೆರೆ ಅಳಿಯದ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಇರುವೆಗೂ ದಾರಿ ಬಿಟ್ಟು ಕೂರುತ್ತಾನೆ. ಟೀ ಕೊಟ್ಟರೆ "ಡ್ಯೂಟಿ ಮುಗೀಲಿ ತಾಯಿ" ಎನ್ನುತ್ತಾನೆ. ಇಂಥ ಸಂಭಾವಿತನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಅವನ ಟೇಪಿರುವುದೇ ಇನ್ನೂರು ಅಡಿ. ನೀರು ಅದಕ್ಕೆ ಎಟುಕದೆ ಮೂರು ವರ್ಷವಾಯಿತು. ಆದರೂ ಟೇಪು ಮುಗಿದಲ್ಲೇ ನೀರಿದೆ ಎಂಬಂತೆ ತಿಂಗಳು ತಿಂಗಳೂ ಇನ್ನೂರು ಎಂದೇ ಬರೆಯುತ್ತಾನೆ. ಮೇಲಿನವರು ಅದನ್ನು ನೋಡಿ, ಮಟ್ಟ ಇಳಿದಿಲ್ಲವೆಂದು ಸುತ್ತಲೂ ಹೊಸ ಬಾವಿಗಳಿಗೆ ಅಪ್ಪಣೆ ಕೊಡುತ್ತಾರೆ. ಕೊರೆಯುವ ಲಾರಿ ಬಂದು ಹೋದಾಗಲೆಲ್ಲ ಇವಳ ಸ್ವಂತ ಬಾವಿಯ ಪಂಪು ಇನ್ನಷ್ಟು ಗಾಳಿ ಕಕ್ಕುತ್ತದೆ. "ಉದ್ದದ ಟೇಪು ತರಬಾರದಾ?" ಎಂದರೆ, "ಕೇಳಿದ್ದೀನಿ ತಾಯಿ, ಬರುತ್ತೆ." "ನೀರು ಸಿಗ್ಲಿಲ್ಲ ಅಂತಾದ್ರೂ ಬರೀರಿ" ಎಂದರೆ, "ಫಾರಂನಲ್ಲಿ ಅಂಕಿ ಮಾತ್ರ ಬರೀಬೇಕು ತಾಯಿ." ಈ ತಿಂಗಳೂ ಅವನು ಟೇಪು ಮೇಲೆಳೆದು, ಹಿಂದೆ ಅದರಿಂದ ನೀರು ತೊಟ್ಟಿಕ್ಕುತ್ತಿದ್ದ ಕಾಲದಲ್ಲಿ ಮಾಡುತ್ತಿದ್ದಂತೆಯೇ, ಅದರ ತುದಿಯನ್ನು ಕರವಸ್ತ್ರದಿಂದ ಒರೆಸಿದ. ಅವಳು ಕರವಸ್ತ್ರ ಕಿತ್ತುಕೊಂಡು, ಅವನ ಕಣ್ಣೆದುರೇ ಹಿಂಡಿದಳು. ಧೂಳು ಉದುರಿತು. "ಏನು ಒರೆಸಿದ್ರಿ ಸಾಹೇಬ್ರೇ?" ಅವನು ಫಾರಂ ಬಿಡಿಸಿದ. ಪೆನ್ನು ತೆಗೆದು ಎರಡು ಎಂದು ಬರೆದ. ಆಮೇಲೆ ಅದರ ಪಕ್ಕದಲ್ಲಿ ಎರಡು ಸೊನ್ನೆಗಳನ್ನು, ಎಂದಿಗಿಂತ ದುಂಡಗೆ.