ಬೋರಲು ಹಾಕಿದ ಹಾಲಿನ ಲೋಟ

ಹಾಲನ್ನು ಬೈಯುವವನನ್ನು ನಮ್ಮ ಕಡೆ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಬೇಡ, ಅಂಗಳದಲ್ಲೇ ನಿಂತು ಹೇಳೋಣ. ಮರಾಠಿ ನಾಡಿನ ಸಂಭಾಜಿನಗರದ ಪಕ್ಕದ ವಾಳೂಜ್ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಶರಣಬಸವ ಎಂಬ ಗಟ್ಟಿ ಆಳನ್ನು ಹಾಲು ಕುಡಿಸಿ ಕುಡಿಸಿಯೇ ಅರ್ಧ ಮಾಡಿದರು. ಉಪಕಾರ ಮಾಡುತ್ತಿದ್ದೇವೆ ಎಂಬ ಮುಖ ಹೊತ್ತುಕೊಂಡೇ ಮಾಡಿದರು.

ಆ ಶೆಡ್ಡಿನಲ್ಲಿ ಬೈಕಿನ ಬಿಡಿಭಾಗಗಳಿಗೆ ಬಣ್ಣ ಹೊಡೆಯುತ್ತಾರೆ. ಬೆಳಗಿನ ಪಾಳಿ ಶುರುವಾಗುವ ಮುಂಚೆ ಅಲ್ಯೂಮಿನಿಯಂ ಕ್ಯಾನಿನಲ್ಲಿ ಹಾಲು ಬರುತ್ತದೆ. ಬಣ್ಣದ ವಿಭಾಗದ ಪ್ರತಿಯೊಬ್ಬನೂ ಒಂದು ದೊಡ್ಡ ಸ್ಟೀಲ್ ಲೋಟ ತುಂಬ ಹಾಲನ್ನು ಸೂಪರ್‌ವೈಸರ್ ತುಕಾರಾಮನ ಎದುರು ನಿಂತು ಕುಡಿಯಬೇಕು. ಕುಡಿದರೆ ಬಣ್ಣದ ವಿಷ ಹೊಟ್ಟೆಯಿಂದ ಜಾರಿಹೋಗುತ್ತದಂತೆ. ಇದನ್ನು ಯಾವ ವೈದ್ಯ ಹೇಳಿದ, ಯಾರಿಗೂ ಗೊತ್ತಿಲ್ಲ. ಬೆಸುಗೆಯವರಿಗೆ ಬೆಲ್ಲ, ಬಣ್ಣದವರಿಗೆ ಹಾಲು, ಇದು ಶೆಡ್ಡುಗಳ ಶಾಸ್ತ್ರ. ಹೊಗೆ ಹೊರಗೆ ತಳ್ಳುವ ಫ್ಯಾನು ಮಾತ್ರ ಗೋಡೆಯ ಮೇಲೆ ಸುಮ್ಮನೆ ಕೂತಿತ್ತು. ಅದರ ರೆಕ್ಕೆಗಳ ನಡುವೆ ಪಾರಿವಾಳ ಸಂಸಾರ ಹೂಡಿತ್ತು. ಮೂಗಿಗೆ ಮಾಸ್ಕ್ ಎಂದರೆ ಅವರವರ ಕರ್ಚೀಫು.

ಶರಣಬಸವ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ಊರಿನ ಮನೆಯಲ್ಲಿ ಎಮ್ಮೆಗಳಿದ್ದವು, ಹಾಲು ಡೇರಿಗೆ ಹೋಗುತ್ತಿತ್ತು, ಮನೆಯವರ ಪಾಲಿಗೆ ಮಜ್ಜಿಗೆ ಉಳಿಯುತ್ತಿತ್ತು. ದೊಡ್ಡವನಾದ ಮೇಲೆ ಲೋಟದ ತುಂಬ ಹಾಲು ಕುಡಿದದ್ದೇ ಇಲ್ಲ. ಐಟಿಐ ಮುಗಿಸಿ ವಾಳೂಜಿಗೆ ಬಂದು ಸ್ಪ್ರೇ ಗನ್ ಹಿಡಿದ. ರಾಂಜಣಗಾಂವಿನಲ್ಲಿ ಬಾಡಿಗೆಗೆ ಒಂದು ಖೋಲಿ, ಹೆಂಡತಿ ಭಾಗ್ಯಶ್ರೀ, ಒಬ್ಬಳೇ ಮಗಳು ರುಚಿತಾ. ಅಪ್ಪ ಕನ್ನಡದಲ್ಲಿ ಕೇಳಿದರೆ ರುಚಿತಾ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಜಗಳ ಬಂದರೆ ಮಾತ್ರ ಕನ್ನಡಕ್ಕೆ ತಿರುಗುತ್ತಾಳೆ. ಭಾನುವಾರ ಓಣಿಯ ಖಾಲಿ ಜಾಗದಲ್ಲಿ ವಾಲಿಬಾಲ್. ನೆಟ್ಟಿನ ಹತ್ತಿರ ಇವನು ಎದ್ದನೆಂದರೆ ಆಚೆ ಕಡೆಯವರು ಕೈಯೆತ್ತುವುದನ್ನೇ ಮರೆಯುತ್ತಿದ್ದರು.

ಇಂಥವನಿಗೆ ಮೂವತ್ತು ದಾಟಿ ಈ ಶೆಡ್ಡಿಗೆ ಸೇರಿದ ಮೇಲೆ ಹೊಟ್ಟೆ ಕೈಕೊಟ್ಟಿತು. ಪಾಳಿ ಶುರುವಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬುವುದು, ಗುಡುಗುವುದು, ಆಮೇಲೆ ತಡೆಯಲಾರದ ಓಟ. ಓಡುವುದಕ್ಕೂ ಅಲ್ಲಿ ಪರವಾನಗಿ ಬೇಕು. ಇಡೀ ಶೆಡ್ಡಿಗೆ ಒಂದು ಹಿತ್ತಾಳೆ ಬಿಲ್ಲೆ, ಮೊಳೆಗೆ ನೇತುಹಾಕಿರುತ್ತಾರೆ. ಬಿಲ್ಲೆ ತೆಗೆದುಕೊಂಡವನು ಮಾತ್ರ ಪಾಯಖಾನೆಗೆ ಹೋಗಬಹುದು. ಮನುಷ್ಯನ ಕರುಳಿಗೂ ಗೇಟ್ ಪಾಸು ಮಾಡಿದ ಜಾಣರು ಇವರು! ಬಿಲ್ಲೆ ಸದಾ ಶರಣಬಸವನ ಕೈಯಲ್ಲೇ ಇರತೊಡಗಿತು. ಪಕ್ಕದ ಬೂತಿನಲ್ಲಿ ಬಣ್ಣ ಹೊಡೆಯುವ ಔರಾದಿನ ಸದಾನಂದ ಅವನಿಗೆ ಹೆಸರೇ ಇಟ್ಟ.

"ಬಂದ್ರು ನೋಡ್ರಪಾ ಬಿಲ್ಲಿ ಸಾವ್ಕಾರ್ರು! ದಾರಿ ಬಿಡ್ರಿ, ಸಾವ್ಕಾರ್ರದು ಅರ್ಜಂಟ್ ಮೀಟಿಂಗ್ ಅದ."

ಎಲ್ಲರೂ ನಕ್ಕರು. ಶರಣಬಸವನೂ ನಕ್ಕ, ಓಡುತ್ತಲೇ.

ನಗುವ ವರ್ಷ ಅದಾಗಿರಲಿಲ್ಲ. ಬಣ್ಣದ ವಿಭಾಗದಿಂದ ಒಬ್ಬನನ್ನು ಗುತ್ತಿಗೆಯಿಂದ ತೆಗೆದು ಕಾಯಂ ಮಾಡುತ್ತಾರೆಂದು ಸುದ್ದಿಯಿತ್ತು. ಕೈಚಳಕ ನೋಡಿದರೆ ಅದು ಶರಣಬಸವನಿಗೇ ಸಲ್ಲಬೇಕು. ಗುತ್ತಿಗೆ ಎಂದರೆ ಗೊತ್ತಲ್ಲ, ವರ್ಷಗಟ್ಟಲೆ ದುಡಿದವನನ್ನೂ ನಡುನಡುವೆ ಮನೆಗೆ ಕಳಿಸಿ ಹೊಸಬನಂತೆ ಮತ್ತೆ ಸೇರಿಸಿಕೊಳ್ಳುವ ಆಟ. ಆ ಆಟದಿಂದ ಹೊರಬರುವ ಒಂದೇ ಬಾಗಿಲು ಅವನ ಎದುರಿತ್ತು. ಅವನ ಹೊಟ್ಟೆ ಆ ಬಾಗಿಲಿಗೆ ಅಡ್ಡ ಬಂದು ಮಲಗಿತ್ತು.

ಮಾತ್ರೆ ತಿಂದ. ಆಮಶಂಕೆ ಎಂದರು, ಜಂತು ಎಂದರು, ಟೆನ್ಷನ್ ಎಂದರು. ಹೆದರಿಕೆಗೆ ಬೆಳಗಿನ ನಾಷ್ಟಾ ಬಿಟ್ಟ, ಮಧ್ಯಾಹ್ನದ ಡಬ್ಬಿಯನ್ನು ಅರ್ಧಕ್ಕೆ ಮುಚ್ಚಿದ. ಅಂಗಿ ಹೆಗಲಿನಿಂದ ಜೋತುಬಿದ್ದಿತು. ಖಾಲಿ ಹೊಟ್ಟೆಯ ಮೇಲೆ ಆ ಹಾಲು ಮಾತ್ರ ತಪ್ಪಲಿಲ್ಲ.

ಒಂದು ಸೋಮವಾರ ತುಕಾರಾಮ ಬಿಲ್ಲೆಯ ಮೊಳೆಗೆ ಬೆನ್ನು ಕೊಟ್ಟು ನಿಂತ. ಅವನ ಮರಾಠಿಯನ್ನು ಕನ್ನಡದಲ್ಲೇ ಕೇಳಿ:

"ಕಾಯ್ ರೇ ಶರಣ್ಯಾ, ನಿನ್ನೆ ನಿಮ್ಮ ಓಣಿಯ ಮುಂದೆ ಹೋಗ್ತಿದ್ದೆ. ಚೆಂಡು ಹೊಡೀತಿದ್ದಿ. ಆಹಾಹಾ, ಏನು ಜಿಗಿತ! ಭಾನುವಾರ ಹುಲಿ, ಸೋಮವಾರ ರೋಗಿ. ಇದು ಹೊಟ್ಟೆಯ ರೋಗ ಅಲ್ಲ, ಡ್ಯೂಟಿಯ ರೋಗ."

"ಸಾಹೇಬ, ದೇವರಾಣೆ..."

"ದೇವರು ಬೇಡ, ನಿನ್ನ ಹೊಟ್ಟೆಗೆ ಹೇಳು. ಇನ್ನೊಮ್ಮೆ ನೀನು ಓಡಿಹೋಗಿ ಕೆಲಸದ ಲೈನ್ ನಿಂತರೆ ಕಾಯಂ ಹೋಯ್ತು ಅಂತಲೇ ತಿಳ್ಕೋ."

ಭಾನುವಾರ ಹೊಟ್ಟೆ ಸುಮ್ಮನಿರುವುದು ನಿಜವೇ ಆಗಿತ್ತು. ಕಳ್ಳನಲ್ಲದವನಿಗೂ ತಾನೇ ಕಳ್ಳನಿರಬಹುದೇ ಎನ್ನಿಸುವಂತೆ ಮಾಡುವ ಮಾತುಗಳಿರುತ್ತವೆ. ಮನೆಗೆ ಬಂದು ಹೆಂಡತಿಯನ್ನೇ ಕೇಳಿದ: "ನಾ ಖರೇನೇ ನಾಟಕ ಮಾಡ್ಲಿಕತ್ತೀನೇನು?"

ಭಾಗ್ಯಶ್ರೀ ಅವನ ಜೋತುಬಿದ್ದ ಅಂಗಿ ನೋಡಿದಳು. "ನಾಟಕದಾಗ ಮೈ ಇಳೀತದೇನ್ರಿ? ನಿಮಗ ಶಕ್ತಿ ಇಲ್ಲ. ಭಾನುವಾರ ಫ್ಯಾಕ್ಟರ್ಯಾಗಿನ ಹಾಲು ತಪ್ತದ, ಅದಕ್ಕ ಸೋಮವಾರ ಹಿಂಗಾಗ್ತದ. ಇನ್ ಮ್ಯಾಲ ಭಾನುವಾರ ನಾ ಕೊಡ್ತೀನಿ."

ಎಮ್ಮೆ ಕಟ್ಟಿದ ಮನೆಯಿಂದ ಬಂದ ಹೆಣ್ಣುಮಗಳು. ಸೊರಗಿದವನಿಗೆ ಹಾಲು ಎಂಬುದು ಅವಳ ಪಾಲಿಗೆ ಲಿಂಗಕ್ಕೆ ವಿಭೂತಿ ಇದ್ದಂತೆ. ಮುಂದಿನ ಭಾನುವಾರ ಬೆಳಿಗ್ಗೆ ಗಟ್ಟಿ ಎಮ್ಮೆ ಹಾಲಿಗೆ ಅರಿಸಿನ ಹಾಕಿ, ಎದುರು ಕೂತು, ತಳ ಕಾಣುವವರೆಗೂ ಕುಡಿಸಿದಳು. ಪ್ರೀತಿಗೂ ತುಕಾರಾಮನಷ್ಟೇ ಹಟವಿರುತ್ತದೆ.

ಆ ದಿನ ವಾಲಿಬಾಲಿನಲ್ಲಿ ಶರಣಬಸವ ಸರ್ವ್ ಮಾಡಲು ಚೆಂಡು ಮೇಲೆ ಎಸೆದ. ಚೆಂಡು ಕೆಳಗೆ ಬಂದಾಗ ಅವನು ಅಲ್ಲಿರಲಿಲ್ಲ.

"ಪಪ್ಪಾ ಕುಠೇ ಗೇಲೇ?" ಎಲ್ಲಿ ಹೋದರು ಎಂದು ರುಚಿತಾ ಹುಡುಕಿದಳು. ಪಪ್ಪಾ ಖೋಲಿಯ ಹಿಂದೆ, ಬಿಲ್ಲೆಯಿಲ್ಲದ ಪಾಯಖಾನೆಯೊಳಗೆ, ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದ. ಹೊರಗೆ ಬಂದು ಭಾಗ್ಯಶ್ರೀಗೆ ಹೇಳಿದ: "ಇವತ್ತು ಡ್ಯೂಟಿ ಇಲ್ಲ ನೋಡು. ನಂದು ನಾಟಕ ಅಲ್ಲ!"

ನಾಟಕವಲ್ಲ, ಸರಿ. ಮತ್ತೇನು? ಅದು ಗೊತ್ತಾದದ್ದು ನಾಸಿಕದಲ್ಲಿ.

ಮಾಲಕನ ಇನ್ನೊಂದು ಶೆಡ್ಡು ನಾಸಿಕದ ಸಾತಪುರದಲ್ಲಿದೆ. ಅಲ್ಲಿ ಕೆಲಸ ಹೆಚ್ಚಾಗಿ ಶರಣಬಸವನನ್ನು ಕೆಲವು ವಾರಗಳ ಮಟ್ಟಿಗೆ ಕಳಿಸಿದರು. ಅದೇ ಮಾಲಕ, ಅದೇ ಬಣ್ಣ. ಆದರೆ ಆ ಶೆಡ್ಡಿಗೆ ಮಾಲು ಕೊಳ್ಳುವ ವಿದೇಶಿ ಕಂಪನಿಯವರು ಆಗಾಗ ನೋಡಲು ಬರುತ್ತಾರೆ. ಅದಕ್ಕೇ ಅಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಎಲ್ಲರ ಮುಖಕ್ಕೂ ಗಾಳಿ ಸೋಸುವ ಎರಡು ಡಬ್ಬಿಯ ಮಾಸ್ಕ್ ಇತ್ತು. ಹಾಲಿನ ಕ್ಯಾನು ಇರಲಿಲ್ಲ. ನೋಡುವ ಕಣ್ಣಿದ್ದಲ್ಲಿ ಫ್ಯಾನು, ಇಲ್ಲದಲ್ಲಿ ಪಾರಿವಾಳ!

ಊಟಕ್ಕೆ ಉಡುಪಿ ಕಡೆಯ ರತ್ನಾಕರ ಶೆಟ್ಟರ ಹೋಟೆಲು. ಇಡ್ಲಿ, ಸಾರು, ಕೊನೆಗೆ ಮೊಸರನ್ನ. ಒಂದು ವಾರದಲ್ಲಿ ಶರಣಬಸವನ ಹೊಟ್ಟೆ ಮಗುವಿನಂತೆ ಮಲಗಿತು. ಗಲ್ಲಾದ ಎದುರು ನಿಂತು ಕೈಮುಗಿದ.

"ಶೆಟ್ಟರೆ, ನಿಮ್ಮ ಸಾರಿನಾಗ ಏನ್ ಔಷಧ ಹಾಕ್ತೀರಿ? ವರ್ಷಗಟ್ಲೆ ಹಿಡಿದ ಜಾಡ್ಯ ಹೋಯ್ತಲ್ರಿ."

"ಔಷಧ ಎಂತದ್ದು ಮಾರಾಯ್ರೆ, ಹುಳಿ ಮೆಣಸು ಅಷ್ಟೆ. ಔಷಧ ಬೇಕಾದ್ರೆ ಮಗಳು ಡಾಕ್ಟ್ರು, ಹಿಂದಿನ ಗಲ್ಲಿಯಲ್ಲೇ ಕ್ಲಿನಿಕ್ ಉಂಟು. ಹೋಗಿ ತೋರಿಸಿ, ನನ್ನ ಸಾರಿಗೆ ಸರ್ಟಿಫಿಕೇಟ್ ತನ್ನಿ."

ಮಗಳು ಡಾಕ್ಟರ್ ಶ್ರೀಜಾ ಹುಟ್ಟಿದ್ದು ಬೆಳೆದದ್ದು ನಾಸಿಕದಲ್ಲೇ. "ನನ್ನ ಕನ್ನಡ ಥೋಡಾ ಅಡ್ಜಸ್ಟ್ ಮಾಡಿ ಹಾಂ" ಎಂದೇ ಮಾತು ಶುರುಮಾಡಿದರು. ಎಲ್ಲವನ್ನೂ ಕೇಳಿದರು. ಫ್ಯಾಕ್ಟರಿಯ ಹಾಲು, ಹೆಂಡತಿ ಕೊಟ್ಟ ಹಾಲು, ನಾಸಿಕದಲ್ಲಿ ಹಾಲಿಲ್ಲ. ಬೇರೆ ರೋಗವಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ರಕ್ತ, ಮಲ ಎರಡನ್ನೂ ಪರೀಕ್ಷೆ ಮಾಡಿಸಿದರು. ಆಮೇಲೆ ಒಂದು ರಜೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಲು ಕುಡಿಸಿ ಕ್ಲಿನಿಕ್ಕಿನಲ್ಲೇ ಕೂರಿಸಿದರು. ಬಹಳ ಹೊತ್ತು ಕೂರುವ ಪ್ರಸಂಗ ಬರಲಿಲ್ಲ.

ವಿಷಯ ಇಷ್ಟೇ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆದು ಅರಗಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಇರಬೇಕು. ತಾಯಿಯ ಹಾಲು ಕುಡಿಯುವ ಮಗುವಿಗೆ ಅದು ಧಾರಾಳ. ಬೆಳೆಯುತ್ತ ಬೆಳೆಯುತ್ತ ಬಹಳ ಜನರಲ್ಲಿ ಅದು ಇಳಿದುಹೋಗುತ್ತದೆ. ಆಗ ಒಡೆಯದ ಸಕ್ಕರೆ ಹಾಗೇ ಕೆಳಗಿಳಿದು ಕರುಳಿಗೆ ನೀರು ಎಳೆಯುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗಾಳಿ ಎಬ್ಬಿಸುತ್ತವೆ. ಉಬ್ಬರ, ಗುಡುಗು, ಓಟ. ಚಹಾದೊಳಗಿನ ಚೂರು ಹಾಲನ್ನು ಎಷ್ಟೋ ಹೊಟ್ಟೆಗಳು ಸಹಿಸಿಕೊಳ್ಳುತ್ತವೆ. ಮೊಸರಿನಲ್ಲಿ ಹೆಪ್ಪೇ ಅರ್ಧ ಕೆಲಸ ಮಾಡಿರುತ್ತದೆ. ಖಾಲಿ ಹೊಟ್ಟೆಗೆ ಲೋಟದ ತುಂಬ ಹಾಲು ಬಿದ್ದರೆ ಮಾತ್ರ ದಂಗೆ.

"ಅಂದ್ರ ನನಗ ರೋಗ ಇಲ್ಲೇನ್ರಿ?" ಎಂದ ಶರಣಬಸವ.

"ರೋಗ ಅಂತ ಯಾಕೆ ಹೇಳೋದು? ಅರ್ಧ ದುನಿಯಾಕ್ಕಿಂತ ಜಾಸ್ತಿ ಜನ ನಿಮ್ಮ ಹಾಗೇ ಇದ್ದಾರೆ. ನಿಮ್ಮದು ಭಯಂಕರ ಆರ್ಡಿನರಿ ಹೊಟ್ಟೆ. ಸೊರಗಿದ್ದು ಊಟ ಬಿಟ್ಟದ್ದಕ್ಕೆ. ಹಾಲು ಬಿಡಿ, ಊಟ ಮಾಡಿ." ಆಮೇಲೆ ಡಾಕ್ಟರಿಗೆ ಏನೋ ನೆನಪಾಯಿತು. "ಲೇಕಿನ್ ಫ್ಯಾಕ್ಟರಿಯಲ್ಲಿ ಹಾಲು ಯಾಕೆ ಕೊಡ್ತಾರೆ?"

"ಬಣ್ಣದ ಇಷಾ ಇಳೀಲಿ ಅಂತ್ರಿ."

"ಬಣ್ಣ ಹೋಗೋದು ಉಸಿರಿನ ಜೊತೆ ಫುಪ್ಪುಸಕ್ಕೆ. ಹಾಲು ಹೋಗೋದು ಹೊಟ್ಟೆಗೆ. ಎರಡೂ ಯಾವ ಚೌಕದಲ್ಲಿ ಭೇಟಿ ಆಗ್ತವೆ ಹೇಳಿ ನೋಡೋಣ?"

ಶರಣಬಸವ ನಗಲಿಲ್ಲ. ನಾಸಿಕದ ಶೆಡ್ಡಿನ ಮಾಸ್ಕು, ವಾಳೂಜಿನ ಪಾರಿವಾಳ, ಕೆಮ್ಮಿ ಕೆಮ್ಮಿ ಊರಿಗೆ ವಾಪಸಾದ ಇಬ್ಬರು ಹಳೆಯ ಪೇಂಟರ್‌ಗಳು, ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಹೊಟ್ಟೆಯ ಕೇಸು ಅಲ್ಲಿಗೆ ಮುಗಿಯಿತು. ಎದೆಯ ಕೇಸು ಶುರುವಾಯಿತು.

ವಾಳೂಜಿಗೆ ಮರಳಿದ ಬೆಳಿಗ್ಗೆ ಲೋಟ ಮುಂದೆ ಬಂತು.

"ನನಗ ಹಾಲು ಆಗಿಬರಂಗಿಲ್ಲ ಸಾಹೇಬ, ಡಾಕ್ಟ್ರು ಹೇಳ್ಯಾರ. ಮತ್ತ ಬಣ್ಣಕ್ಕ ಹಾಲು ಔಷಧ ಅಲ್ಲವಂತ. ನಾಸಿಕದಾಗ ಕೊಟ್ಟಂಗ ಮಾಸ್ಕ್ ಕೊಡ್ರಿ, ಫ್ಯಾನ್ ಚಾಲೂ ಮಾಡ್ರಿ. ಎಲ್ಲಾರಿಗೂ."

ತುಕಾರಾಮ ಆಚೀಚೆ ನೋಡಿದ. ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದ. ಈಗ ಅವನ ದನಿಯಲ್ಲಿ ಬೆಣ್ಣೆ ಇತ್ತು.

"ಹುಚ್ಚಪ್ಪಾ, ಕುಡಿಯಬೇಡ ಬಿಡು. ಡಬ್ಬಿಯಲ್ಲಿ ಮನೆಗೆ ಒಯ್ಯಿ, ಮಗಳಿಗೆ ಕೊಡು. ಇನ್ನು ಓಡೋದೂ ತಪ್ಪಿತಲ್ಲ, ಕಾಯಂ ಪಟ್ಟಿಯಲ್ಲಿ ನಿನ್ನ ಹೆಸರೇ ಮೇಲೆ. ಫ್ಯಾನಿನ ಸುದ್ದಿ ಮಾತ್ರ ಎತ್ತಬೇಡ. ನಾಳೆ ಬೆಳಿಗ್ಗೆ ಹೇಳು."

ಸಂಜೆ ಖೋಲಿಯಲ್ಲಿ ಶರಣಬಸವ ಎಲ್ಲವನ್ನೂ ಹೇಳಿದ. ಕಾಯಂ ಎಂದ ಕೂಡಲೇ ಭಾಗ್ಯಶ್ರೀಯ ಕಣ್ಣು ಹೊಳೆದದ್ದನ್ನೂ ಕಂಡ. ಆಸೆ ಯಾರಿಗೆ ಬೇಡ? ಬಾಯಿ ಮುಚ್ಚುವುದೊಂದೇ ಕೆಲಸ. ಅವಳು ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ನಾ ಕೊಟ್ಟ ಹಾಲು ನಿಮಗ ಕೆಟ್ಟದ್ದು ಮಾಡ್ತು ಅಂದಾಗ ನನಗ ಭಾಳ ಬ್ಯಾಸರ ಆಗಿತ್ತು" ಎಂದಳು. "ಅದು ತಿಳೀದೆ ಕೊಟ್ಟಿದ್ದು. ಇವ್ರು ತಿಳಿದೂ ತಿಳಿದೂ ಕೊಡ್ತಾರಲ್ರಿ. ಹಾಲಂದ್ರ ನಾವು ದೇವ್ರು ಅಂತೀವಿ, ಆ ದೇವ್ರ ಹಿಂದ ಫ್ಯಾನ್ ಮುಚ್ಚಿಡ್ತಾರ. ಅದು ಹಾಲಲ್ಲ, ಲಂಚ. ಅಂಥಾದ್ದು ನನ್ನ ಮಗಳಿಗೆ ಬ್ಯಾಡ."

ರುಚಿತಾ ಪುಸ್ತಕದಿಂದ ತಲೆಯೆತ್ತಿ ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: "ನನಗೂ ಬ್ಯಾಡ. ನನಗ ಹಾಲು ಸೇರಂಗೇ ಇಲ್ಲ."

ಮರುದಿನ ಬೆಳಿಗ್ಗೆ ಸಾಲಿನಲ್ಲಿ ತನ್ನ ಸರದಿ ಬಂದಾಗ ಶರಣಬಸವ ಲೋಟ ತೆಗೆದುಕೊಂಡ. ಹಾಲು ಸುರಿಯುವ ಮುಂಚೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಸ್ಟೀಲಿನ ಸದ್ದು ಶೆಡ್ಡಿಗೆಲ್ಲ ಕೇಳಿತು.

"ಮಾಸ್ಕ್ ಕೊಡ್ರಿ" ಎಂದ.

"ಗೇಟ್ ಆ ಕಡೆ ಇದೆ" ಎಂದ ತುಕಾರಾಮ. ಬೆಣ್ಣೆ ಕರಗಿಹೋಗಿತ್ತು.

ಆಗ ಸಾಲಿನ ಹಿಂದಿನಿಂದ ಎರಡನೆಯ ಸದ್ದು ಬಂತು. ಸದಾನಂದನ ಲೋಟವೂ ಬೋರಲು ಬಿದ್ದಿತ್ತು.

"ನಂದೂ ಅದೇ ಕತಿ ಸಾಹೇಬ" ಎಂದ, ನೆಲ ನೋಡುತ್ತ. "ಹಾಲು ಕುಡದ್ರ ಹೊಟ್ಟಿ ಕುದೀತದ. ಹಲ್ಲು ಕಚ್ಚಿ ನಿಂದರ್ತಿದ್ದೆ. ನಾನೂ ಬಿಲ್ಲಿ ಕೇಳಿದ್ರ ಇವಂಗ ಇಟ್ಟ ಹೆಸರು ನನಗೂ ಬರ್ತದಂತ ಹೆದರಿದ್ದೆ."

ಎಲ್ಲರಿಗಿಂತ ಜೋರಾಗಿ ನಕ್ಕವನು! ನಮ್ಮಲ್ಲಿ ಎಷ್ಟು ನಗು ಹೀಗೆ ಹಲ್ಲು ಕಚ್ಚಿ ಹುಟ್ಟುತ್ತದೋ. ಆಮೇಲೆ ಮತ್ತೊಂದು ಸದ್ದು, ಇನ್ನೊಂದು. ಹಾಲು ಸಲೀಸಾಗಿ ಅರಗುತ್ತಿದ್ದವರೂ ಹಾಕಿದರು, ಅವರಿಗೂ ಎದೆ ಇತ್ತಲ್ಲ. ಎಲ್ಲರೂ ಹಾಕಿದರೆಂದು ಸುಳ್ಳು ಹೇಳುವುದಿಲ್ಲ. ಕೆಲವರು ಕುಡಿದು ಬೂತಿಗೆ ಹೋದರು. ಆದರೆ ಅಷ್ಟೇ ಜನರಿಂದ ಲೈನು ಓಡುವುದಿಲ್ಲ. ಆ ದಿನ ಲೈನು ನಿಂತಿತು, ಯಾರ ಹೊಟ್ಟೆಯೂ ಕೆಡದೆ ನಿಂತಿತು.

ಮಾಲು ಹೊತ್ತಿಗೆ ಹೋಗದಿದ್ದರೆ ಮಾಲಕರಿಗೆ ಜ್ಞಾನೋದಯ ಬೇಗ ಆಗುತ್ತದೆ. ಆ ವಾರವೇ ಫ್ಯಾನು ಬಿಚ್ಚಿದರು. ಮರಿಗಳು ಹಾರಿಹೋಗಿದ್ದ ಖಾಲಿ ಗೂಡನ್ನು ಸದಾನಂದನೇ ಎತ್ತಿ ಹೊರಗಿನ ಸಜ್ಜಾದ ಮೇಲಿಟ್ಟ. ಎರಡು ಡಬ್ಬಿಯ ಮಾಸ್ಕುಗಳು ಬಂದವು. ಕ್ಯಾನಿನಲ್ಲಿ ಈಗ ಮಜ್ಜಿಗೆ ಬರುತ್ತದೆ, ಬೇಕಾದವರು ಕುಡಿಯಬಹುದು.

ಶರಣಬಸವ ಕಾಯಂ ಆಗಲಿಲ್ಲ. ಆ ವರ್ಷ ಯಾರೂ ಆಗಲಿಲ್ಲ. ಅವನನ್ನು ಗೇಟಿನಾಚೆ ಹಾಕಲು ಧೈರ್ಯ ಸಾಲದೆ ಪ್ಯಾಕಿಂಗ್ ವಿಭಾಗಕ್ಕೆ ತಳ್ಳಿದರು. ಗನ್ ಹಿಡಿದ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟರೆ ಸೊಕ್ಕು ಇಳಿಯುತ್ತದೆ ಎಂದುಕೊಂಡರು. ಪಾಪ. ಅವನು ನಾಷ್ಟಾ ಮಾಡಿ ಬರುತ್ತಾನೆ, ಡಬ್ಬಿ ಖಾಲಿ ಮಾಡುತ್ತಾನೆ. ಅಂಗಿ ಮತ್ತೆ ಹೆಗಲಿಗೆ ಕೂತಿದೆ. ಭಾನುವಾರ ನೆಟ್ಟಿನ ಮೇಲೆ ಏಳುತ್ತಾನೆ. ಹಿತ್ತಾಳೆ ಬಿಲ್ಲೆ ಇನ್ನೂ ಮೊಳೆಯಲ್ಲಿದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ಬೆರಳಿನಿಂದ ಒಮ್ಮೆ ಟಣ್ ಎನ್ನಿಸುತ್ತಾನೆ. ಅದು ಯಾಕೆ ಎಂದು ಎಲ್ಲರಿಗೂ ಗೊತ್ತು, ತುಕಾರಾಮನಿಗೂ.

ಆ ಶೆಡ್ಡಿನಲ್ಲಿ ಮೊದಲ ಮಾಸ್ಕು ಹಾಕಿಕೊಂಡವನು ಯಾರೆಂದುಕೊಂಡಿರಿ? ತುಕಾರಾಮ. ಅವನೂ ಅದೇ ಗಾಳಿ ಕುಡಿದವನೇ. ಮೊನ್ನೆ ಪ್ಯಾಕಿಂಗಿಗೆ ಬಂದು, ಎರಡು ಡಬ್ಬಿಗಳ ಹಿಂದಿನಿಂದ ಏನೋ ಗದರಿದ. ಒಂದಕ್ಷರವೂ ಹೊರಗೆ ಬರಲಿಲ್ಲ. ಸಿಟ್ಟಿನಿಂದ ಮಾಸ್ಕು ಕೆಳಗೆ ಎಳೆಯಲು ಹೋದ.

"ಬ್ಯಾಡ್ರಿ ಸಾಹೇಬ, ತೆಗೀಬ್ಯಾಡ್ರಿ" ಎಂದು ಶರಣಬಸವ ಪೆಟ್ಟಿಗೆಗೆ ಟೇಪು ಹಚ್ಚುತ್ತಲೇ ಕೂಗಿದ. "ಬೈಯೋದು ಆಮ್ಯಾಲ ಬೈಯಿರಂತ. ಅದನ್ನ ತರಿಸಲಿಕ್ಕ ನಮಗ ಭಾಳ ಖರ್ಚಾಗ್ಯದ."